ಪಾಸ್ಕೋ ನಾಯಿಗಳ ಬಾಯಿ

ಟಿಗ್‌ನ ಮೂಗಿನಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡಿದೆ ಎಂದೇ ಬೆರಿಲ್ ಪಾಸ್ಕೋ ನಂಬಿದ್ದಳು. ವಿಲ್ಗಾ ಕ್ರೀಕ್‌ನಲ್ಲಿ ಅಕ್ಟೋಬರ್ ಬಂತೆಂದರೆ ನಾಯಿಗಳ ಸಕಲ ಕಾಯಿಲೆಗೂ ಆ ಒಣ ಹುಲ್ಲಿನ ಬೀಜವೇ ಕಾರಣ. ಕುಂಟಿದರೆ ಬೀಜ, ಸೀನಿದರೆ ಬೀಜ, ಕಿವಿ ಒದರಿದರೆ ಬೀಜ. ಕುರಿ ಕಾಯುವ ಕೆಲ್ಪಿ ತಳಿಯ ಈ ಹತ್ತು ವರ್ಷದ ನಾಯಿಯ ಎಡ ಮೂಗಿನಿಂದ ವಾರದಿಂದ ಕೀವು ಸೋರುತ್ತಿತ್ತು, ಮೂತಿ ಒಂದು ಕಡೆ ಊದಿಕೊಂಡಿತ್ತು, ಎರಡು ದಿನದಿಂದ ಊಟ ಬಿಟ್ಟಿತ್ತು. ಡಾಕ್ಟರಮ್ಮ ಚಿಮಟದಲ್ಲಿ ಬೀಜ ಎಳೆದು ಬಿಸಾಡುತ್ತಾಳೆ, ಹನ್ನೊಂದಕ್ಕೆಲ್ಲ ಮನೆ ಸೇರಿ ಶನಿವಾರದ ಪಂದ್ಯಕ್ಕೆ ಪಾಸ್ಟಿಯ, ಅಂದರೆ ಮಾಂಸ ತುಂಬಿದ ಕಡುಬಿನ, ಹಿಟ್ಟು ನಾದಬಹುದು ಎಂದುಕೊಂಡು, ಬುಧವಾರ ಬೆಳಿಗ್ಗೆ ಅವಳು ಟಿಗ್‌ನನ್ನು ಗಾಡಿಯ ಮುಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟಳು.

ಮುಂದಿನ ಸೀಟು ಟಿಗ್‌ಗೆ ಸಿಕ್ಕಿದ್ದು ಅವಳ ಗಂಡ ಕ್ಲೆಮ್ ಸತ್ತ ಮೇಲೆ. ಕ್ಲೆಮ್ ಇದ್ದಾಗ ಕೆಲಸದ ನಾಯಿ ಹಿಂದೆಯೇ ನಿಲ್ಲಬೇಕು, ಮನೆಯೊಳಗೆ ಕಾಲಿಡಬಾರದು, ಯಾರೂ ಮುದ್ದು ಮಾಡಬಾರದು. ಪಶು ಡಾಕ್ಟರನ್ನಂತೂ ಅವನು ತನ್ನ ನಾಯಿಗಳ ಹತ್ತಿರ ಸುಳಿಯಗೊಡಲಿಲ್ಲ. ಅದು ಅವನ ಜಂಬ ಎಂದು ಬೆರಿಲ್ ನಗುತ್ತಿದ್ದಳು. ಜಂಬಪಡುವುದಕ್ಕೆ ಕಾರಣವೂ ಇತ್ತು ಅನ್ನಿ. ಪಾಸ್ಕೋ ನಾಯಿಯ ಬಾಯಿ ಮೆತ್ತಗೆ ಎಂದು ಇಡೀ ಸೀಮೆಯೇ ಹೇಳುತ್ತಿತ್ತು. ಬೇರೆಯವರ ನಾಯಿಗಳು ರೇಗಿದಾಗ ಕುರಿಯ ತೊಡೆಗೋ ಹಿಮ್ಮಡಿಗೋ ಬಾಯಿ ಹಾಕಿ ಗಾಯ ಮಾಡಿದರೆ, ಕ್ಲೆಮ್‌ನ ನಾಯಿ ಮುಟ್ಟಿದ ಕುರಿಯ ಮೇಲೆ ಮೂವತ್ತು ವರ್ಷದಲ್ಲಿ ಒಂದು ಹಲ್ಲಿನ ಗುರುತು ಯಾರೂ ಕಂಡಿರಲಿಲ್ಲ. ಅವನು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಈ ಶನಿವಾರ ಕುರಿನಾಯಿಗಳ ಪಂದ್ಯದಲ್ಲಿ, ಹಲ್ಲು ತಾಗಿಸದೆ ಕೆಲಸ ಮಾಡಿದ ನಾಯಿಗೆ ಅವನ ಹೆಸರಿನಲ್ಲಿ ಮೊದಲ ಬಾರಿಗೆ ಒಂದು ಫಲಕ ಕೊಡುವುದಿತ್ತು. ಕೊಡಬೇಕಾದವಳು ಬೆರಿಲ್. ನೀಲಿ ಹೂವಿನ ಫ್ರಾಕು ಆಗಲೇ ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿತ್ತು.

ಡಾಕ್ಟರ್ ರೆನಾಟಾ ಊರಿಗೆ ಬಂದು ಮೂರು ವರ್ಷವಾಗಿದ್ದರೂ ಜನ ಇನ್ನೂ ಹೊಸ ಡಾಕ್ಟರ್ ಎಂದೇ ಕರೆಯುತ್ತಿದ್ದರು. ನಾಯಿ ಕದಲದಿರಲಿ ಎಂದು ಅವಳು ಒಂದು ದಪ್ಪ ಟವೆಲನ್ನು ಟಿಗ್‌ನ ಮೈಗೆ ಸುತ್ತಿ ಕುತ್ತಿಗೆಯ ಹತ್ತಿರ ಬಿಗಿ ಮಾಡಿದಳು. ಕೊಬ್ಬಿದ ಟಗರಿಗೇ ಎದೆಗೊಟ್ಟು ನಿಲ್ಲುತ್ತಿದ್ದ ಟಿಗ್ ಮರಗಟ್ಟಿ ನಿಂತು ಮೇಜಿನ ಮೇಲೆಯೇ ಉಚ್ಚೆ ಹೊಯ್ದುಬಿಟ್ಟ.

ಬೆರಿಲ್‌ಗೆ ನಾಚಿಕೆಯಾಯಿತು. "ಟವೆಲ್ ಕಂಡ್ರೆ ಆಗಲ್ಲ ಅವನಿಗೆ. ಹುಳದ ಮಾತ್ರೆ ನುಂಗಿಸೋವಾಗ ಕ್ಲೆಮ್ ಚೀಲದೊಳಗೆ ಇಳಿಸ್ತಿದ್ದ. ಅದನ್ನ ನೆನೆಸ್ಕೊಂಡಿರ್ಬೇಕು."

"ಮಾತ್ರೆಗೆ ಚೀಲವಾ?" ಎಂದ ರೆನಾಟಾ ಟವೆಲ್ ಬಿಚ್ಚಿ, ಬರಿಗೈಯಲ್ಲೇ ಮೆಲ್ಲಗೆ ಟಿಗ್‌ನ ತುಟಿ ಎತ್ತಿ ನೋಡಿದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಬಾಯಿ ತೆರೆದು ಕೆಳಗಿನ ದವಡೆಗೆ ದೀಪ ಹಿಡಿದಳು.

"ಬೀಜ ಸಿಕ್ತಾ?" ಬೆರಿಲ್ ಕೇಳಿದಳು.

"ಬೆರಿಲ್, ಇವನ ಕೋರೆಹಲ್ಲು ಕತ್ತರಿಸಿದ್ದು ಯಾರು?"

"ಯಾರು ಕತ್ತರಿಸ್ತಾರಮ್ಮ? ಮರಿಯಾಗಿದ್ದಾಗ ಗೂಡಿನ ತಂತಿ ಕಡಿದೂ ಕಡಿದೂ ಸವೆಸ್ಕೊಂಡಿದಾನೆ. ನಮ್ಮನೆ ನಾಯಿಗಳಿಗೆ ಅದೊಂದು ಚಟ."

"ಎಲ್ಲಾ ನಾಯಿಗಳಿಗೂ?"

"ಐದಕ್ಕೆ ಐದೂ. ರಕ್ತದಲ್ಲೇ ಇದೆ ಅಂತಿದ್ದ ಕ್ಲೆಮ್. ತಂತಿ ಬದಲಾಯಿಸೋ ಅಂತ ನಾನು ಅವನ ತಲೆ ತಿಂದಿದೀನಿ. ಒಂದು ಬೇಸಿಗೇಲಿ ಮೂರು ದಿನ ಕೂತು ಅಷ್ಟೂ ಗೂಡಿಗೆ ಹೊಸ ಬಲೆ ಹೊಡೆದ, ಪಾಪ. ಆದ್ರೂ ಟಿಗ್ ಬಿಡ್ಲಿಲ್ಲ ನೋಡಿ."

ರೆನಾಟಾ ದೀಪ ಆರಿಸಿದಳು. "ತಂತಿ ಕಡಿಯೋ ನಾಯಿಗೆ ಹಲ್ಲಿನ ಹಿಂಬದಿ ಸವೆಯತ್ತೆ. ನಿಧಾನಕ್ಕೆ, ಓರೆಯಾಗಿ. ಇಲ್ಲಿ ನಾಲ್ಕೂ ಹಲ್ಲು ಒಂದೇ ಎತ್ತರಕ್ಕೆ ಚಪ್ಪಟೆಯಾಗಿ ಕತ್ತರಿಸಿದೆ. ಹಲ್ಲಿನೊಳಗೆ ನರ ಇರತ್ತಲ್ಲ, ಅದು ತೆರೆದುಕೊಂಡು, ಸತ್ತು, ಬುಡದಲ್ಲಿ ಕೀವು ಕಟ್ಟಿದೆ. ಮೇಲಿನ ಬೇರು ಒಡೆದು ಮೂಗಿಗೇ ದಾರಿ ಮಾಡ್ಕೊಂಡಿದೆ. ಇದು ಇಕ್ಕಳದ ಕೆಲಸ ಬೆರಿಲ್. ವರ್ಷಗಳ ಹಿಂದಿನದು."

"ನೋವು..." ಎಂದು ಬೆರಿಲ್ ಶುರು ಮಾಡಿದ್ದು ಅಲ್ಲಿಗೇ ನಿಂತಿತು.

"ಇದ್ದೇ ಇರತ್ತೆ. ದಿನಾ. ನಾಯಿಗಳು ಹೇಳ್ಕೊಳ್ಳಲ್ಲ ಅಷ್ಟೆ. ನಾಳೆ ಅರಿವಳಿಕೆ ಕೊಟ್ಟು ನಾಲ್ಕೂ ಬುಡ ತೆಗೀತೀನಿ. ತೆಗೆದ್ಮೇಲೆ ನೆಮ್ಮದಿಯಾಗಿರ್ತಾನೆ."

ಬೆರಿಲ್‌ಗೆ ಸಿಟ್ಟು ನೆತ್ತಿಗೇರಿತು. ನಿನ್ನೆ ಮೊನ್ನೆ ಊರಿಗೆ ಬಂದವಳು ಕ್ಲೆಮ್ ಪಾಸ್ಕೋನ ಬಗ್ಗೆ ಇಂಥ ಮಾತಾಡುವುದೇ? ಯಾವ ನಾಯಿಯ ಮೇಲೂ ದನಿ ಎತ್ತಿ ಕಿರುಚದ ಮನುಷ್ಯ. ಹಿಂದಿನ ನಾಯಿ ಸತ್ತಾಗ ಗುಂಡಿಯನ್ನು ತಾನೇ ತೋಡಿ, ಎರಡು ದಿನ ಊಟ ಬಿಟ್ಟವನು. ಟಿಗ್ ಮೂಳೆ ಕಡಿಯಲಾರ ಎಂದು ಏಳು ವರ್ಷ ಪ್ರತಿ ಸಂಜೆ ತನ್ನ ಚಾಕುವಿನಿಂದ ಮಾಂಸವನ್ನು ಬೆರಳ ತುದಿಯಷ್ಟು ಸಣ್ಣಗೆ ಹೆಚ್ಚಿ ಹಾಕುತ್ತಿದ್ದ. ಹೆಂಡತಿಗೂ ಇಷ್ಟು ಸೇವೆಯಿಲ್ಲ ಎಂದು ಊರವರು ಗೇಲಿ ಮಾಡುತ್ತಿದ್ದರು. ಇದನ್ನೆಲ್ಲ ಡಾಕ್ಟರಿಗೆ ಒಂದೇ ಉಸಿರಿನಲ್ಲಿ ಒದರಿದಳು. ಮೂಳೆ ಯಾಕೆ ಕಡಿಯಲಾರ ಎಂಬ ಪ್ರಶ್ನೆ ಹುಟ್ಟಿದ್ದು ಒದರಿ ಮುಗಿದ ಮೇಲೆ.

ಟಿಗ್‌ನನ್ನು ಅಲ್ಲೇ ಬಿಟ್ಟು ಮನೆಗೆ ಬಂದವಳು ಹಿಟ್ಟು ನಾದಲಿಲ್ಲ. ಪಡಸಾಲೆಯ ಗೋಡೆಯಿಂದ ಕ್ಲೆಮ್‌ನ ಫೋಟೋಗಳನ್ನು ಒಂದೊಂದಾಗಿ ಇಳಿಸಿ ಅಡಿಗೆಮನೆಯ ಮೇಜಿನ ಮೇಲೆ ಹರಡಿದಳು. ಮೂವತ್ತು ವರ್ಷದ ಗೆಲುವು, ಐದು ನಾಯಿ. ವರ್ಷ ತುಂಬಿದ ಮರಿಗಳು ನಾಲಿಗೆ ಚಾಚಿಕೊಂಡು ಕ್ಯಾಮೆರಾ ನೋಡುತ್ತಿದ್ದ ಪಟಗಳಲ್ಲಿ ಬಿಳಿ ಕೋರೆಹಲ್ಲು ಎದ್ದು ಕಾಣುತ್ತಿದ್ದವು. ಅವೇ ನಾಯಿಗಳು ಮರುವರ್ಷ ಬಹುಮಾನದ ಪಕ್ಕ ಕೂತಿದ್ದ ಪಟಗಳಲ್ಲಿ ಕೋರೆಹಲ್ಲೇ ಇರಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದಳು. ಒಂದು ವರ್ಷದವರೆಗೆ ಒಂದಿಷ್ಟೂ ಸವೆಯದ ಹಲ್ಲು ಮರುವರ್ಷದೊಳಗೆ ಪೂರ್ತಿ ಮಾಯ, ಐದಕ್ಕೆ ಐದು ನಾಯಿಗೂ. ಈ ಪಟಗಳ ಧೂಳನ್ನು ಪ್ರತಿ ವಾರ ಒರೆಸುತ್ತಿದ್ದವಳು ಅವಳೇ.

ಅವಳಿಗೆ ಆ ಮೂರು ದಿನದ ಬೇಸಿಗೆ ನೆನಪಾಯಿತು. ಸುಡುಬಿಸಿಲಿನಲ್ಲಿ ಕ್ಲೆಮ್ ಗೂಡಿನ ಬಲೆ ಬಿಚ್ಚುತ್ತಿದ್ದದ್ದು, ತಾನು ನಿಂಬೆ ಪಾನಕ ಒಯ್ದು ಕೊಟ್ಟಿದ್ದು, ಈಗಲಾದ್ರೂ ನಿಂಗೆ ಸಮಾಧಾನ ಆಯ್ತಾ ಎಂದು ಅವನು ಬೆವರು ಒರೆಸಿಕೊಂಡು ಕೇಳಿದ್ದು. ಏನೂ ತಪ್ಪಿಲ್ಲದ ತಂತಿಯನ್ನು ಮೂರು ದಿನ ಬದಲಾಯಿಸಿದ್ದ ಗಂಡಸು. ಸುಳ್ಳಿಗೆ ಇಷ್ಟು ಬೆವರು ಸುರಿಸಬಹುದು ಎಂಬುದೇ ಅವಳಿಗೆ ಅರಗಲಿಲ್ಲ.

ಆಗಲೇ ಫೋನು ಹೊಡೆದುಕೊಂಡಿತು. ಟ್ರೂಡಿ, ಬೆಟ್ಟದಾಚೆಯ ಹೊಲದವಳು. ಅಪ್ಪನ ಕುರಿಗಳನ್ನು ಈಗಷ್ಟೇ ಕೈಗೆ ತೆಗೆದುಕೊಂಡವಳು. ಕ್ಲೆಮ್ ಸಾಯುವ ಮುಂಚೆ ಟಿಗ್‌ನಿಂದ ಹುಟ್ಟಿಸಿದ ಕೊನೆಯ ಮರಿ ಮಿಂಟಿಯನ್ನು ಬೆರಿಲ್ ಕೊಟ್ಟಿದ್ದು ಇವಳಿಗೇ.

"ಬೆರಿಲ್, ಮಿಂಟಿ ನನ್ನ ಮಾನ ಕಳೀತಿದಾಳೆ. ಬಾಯಿ ಹಾಕ್ತಾಳೆ. ನೆನ್ನೆ ಎರಡು ಕುರಿ ಕಾಲು ಹರಿದಿದಾಳೆ. ಪಾಸ್ಕೋ ನಾಯಿ ಹಿಂಗಾ?"

"ವಯಸ್ಸು ಕಣೆ ಅದು. ಬಿಡ್ತಾಳೆ. ತಾಳ್ಮೆ ಬೇಕು."

"ಅರ್ನಿ ಅಂಕಲ್ ಹಂಗನ್ಲಿಲ್ಲ. ಹದಿನೈದು ತಿಂಗಳಾಯ್ತು, ಸರಿಯಾದ ಹೊತ್ತು, ಶನಿವಾರ ಓಟ ಮುಗಿದ್ಮೇಲೆ ಎರಡೇ ನಿಮಿಷದಲ್ಲಿ ಸರಿ ಮಾಡಿಕೊಡ್ತೀನಿ ಅಂದ್ರು. ಕ್ಲೆಮ್ ಮಾಡ್ತಿದ್ದ ಹಂಗೇ ಅಂತೆ. ಏನು ಮಾಡ್ತಾರೆ ಅಂತ ಹೇಳ್ಲಿಲ್ಲ. ಬೆರಿಲ್ ಹತ್ರ ಕೇಳ್ಬೇಡ, ಅವಳು ಮೆದು ಮನಸ್ಸಿನೋಳು ಅಂದ್ರು. ನಾನು ಕೇಳೇಬಿಟ್ಟೆ ನೋಡಿ."

ಅರ್ನಿ ಷುಲ್ಟ್ಸ್ ಎಂದರೆ ಕ್ಲೆಮ್‌ನ ಜೀವದ ಗೆಳೆಯ, ಪಂದ್ಯದ ಅಧ್ಯಕ್ಷ. ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಫಲಕದ ಯೋಚನೆಯೂ ಅವನದೇ.

"ಅವನ ಕೈಗೆ ನಾಯಿ ಕೊಡಬೇಡ," ಎಂದಳು ಬೆರಿಲ್.

"ಯಾಕೆ? ಕ್ಲೆಮ್‌ದೇ ವಿದ್ಯೆ ತಾನೆ?"

ಹೇಳಬೇಕಾಗಿದ್ದದ್ದು ಮೂರೇ ಮಾತು. ಹಲ್ಲು ಕತ್ತರಿಸ್ತಾನೆ ಕಣೆ. ಆ ಮೂರು ಮಾತು ಬಾಯಿಂದ ಹೊರಬಿದ್ದರೆ ನಾಳೆ ಬೆಳಗಾಗುವುದರೊಳಗೆ ಊರೆಲ್ಲ ಹರಡುತ್ತದೆ. ಕ್ಲೆಮ್‌ನ ಹೆಸರು ಮಣ್ಣುಪಾಲಾಗುತ್ತದೆ. ನಲವತ್ತೊಂದು ವರ್ಷ ಅದೇ ಹೆಸರಿನ ನೆರಳಿನಲ್ಲಿ ಬಾಳಿದವಳು ಅವಳು. "ಶನಿವಾರ ಸಿಗ್ತೀನಿ, ಅಲ್ಲೇ ಮಾತಾಡಣ," ಎಂದು ಫೋನಿಟ್ಟಳು. ಇಟ್ಟಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆಸರನ್ನು ಉಳಿಸಿದರೆ ಮಿಂಟಿಯ ಹಲ್ಲು ಹೋಗುತ್ತದೆ, ಹಲ್ಲು ಉಳಿಸಿದರೆ ಹೆಸರು ಹೋಗುತ್ತದೆ. ಎರಡೂ ಉಳಿಯುವ ದಾರಿಯನ್ನು ಗುರುವಾರವಿಡೀ ಹುಡುಕಿದಳು, ಸಿಗಲಿಲ್ಲ.

ಶುಕ್ರವಾರ ಟಿಗ್‌ನನ್ನು ಕರೆತರಲು ಹೋದಾಗ ರೆನಾಟಾ ಒಂದು ಪುಟ್ಟ ಸೀಸೆ ಕೊಟ್ಟಳು. ಒಳಗೆ ನಾಲ್ಕು ಹಲ್ಲಿನ ಬುಡ. ಹೊರಗೆ ಕಾಣುವ ಭಾಗ ಉಗುರಿನಷ್ಟು, ಬೇರು ಮಾತ್ರ ಬೆರಳುದ್ದ, ಕಪ್ಪಗೆ ಕೊಳೆತಿತ್ತು. ಮೇಲ್ಭಾಗ ನಾಲ್ಕರಲ್ಲೂ ಸಪಾಟು.

"ನಿಮ್ಮ ಗಂಡನ ಬಗ್ಗೆ ನಾನು ಏನೂ ಹೇಳಲ್ಲ," ಎಂದಳು ರೆನಾಟಾ. "ನಂಗೆ ಅವರು ಗೊತ್ತಿರ್ಲಿಲ್ಲ."

"ನಂಗೂ," ಎಂದಳು ಬೆರಿಲ್.

ಶನಿವಾರ ಟಿಗ್‌ನನ್ನು ಜಗಲಿಯ ನೆರಳಿನಲ್ಲಿ ಮಲಗಿಸಿ, ಸೀಸೆಯನ್ನು ನೀಲಿ ಫ್ರಾಕಿನ ಜೇಬಿಗೆ ಹಾಕಿಕೊಂಡು ಅವಳು ಮೈದಾನಕ್ಕೆ ಹೋದಳು. ಯಾಕೆ ಹಾಕಿಕೊಂಡಳೋ ಅವಳಿಗೇ ತಿಳಿಯದು. ಪಾಸ್ಟಿಯಿಲ್ಲದೆ ಬರಿಗೈಯಲ್ಲಿ ಬಂದವಳನ್ನು ಟೀ ಚಪ್ಪರದ ಹೆಂಗಸರು ಹುಬ್ಬೇರಿಸಿ ನೋಡಿದರು. ಟ್ರೂಡಿಯನ್ನು ಹಿಡಿದು ಮಾತಾಡಿಸಬೇಕು ಎಂದು ಹುಡುಕುವಷ್ಟರಲ್ಲಿ ಅವಳ ಸರದಿಯೇ ಬಂದುಬಿಟ್ಟಿತ್ತು. ಮಿಂಟಿ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಓಡಿದಳು, ಮೂರು ಕುರಿಗಳನ್ನು ಚೆಂದವಾಗಿ ಒಟ್ಟುಗೂಡಿಸಿದಳು, ಕುರಿಗಳನ್ನು ದಾಟಿಸಬೇಕಾದ ಹಲಗೆ ಸೇತುವೆಯ ಹತ್ತಿರ ಒಂದು ಕುರಿ ತಿರುಗಿ ನಿಂತದ್ದೇ ತಡ ಅದರ ಹಿಂಗಾಲಿಗೆ ಬಾಯಿ ಹಾಕಿದಳು. ತೀರ್ಪುಗಾರ ಸೀಟಿ ಊದಿದ. ಬೇಲಿಯ ಮೇಲೆ ಕೂತವರಲ್ಲಿ ಯಾರೋ, "ಪಾಸ್ಕೋ ನಾಯಿ ಅಂತಲ್ಲಪ್ಪ, ಮೊಸಳೆ ಇರ್ಬೇಕು," ಎಂದದ್ದಕ್ಕೆ ಎಲ್ಲರೂ ನಕ್ಕರು. ಟ್ರೂಡಿ ಮುಖ ಕೆಂಪಗೆ ಮಾಡಿಕೊಂಡು ನಾಯಿಯನ್ನು ಹಗ್ಗದಲ್ಲಿ ಎಳೆದುಕೊಂಡು ಜನರ ನಡುವೆ ಮರೆಯಾದಳು.

ಬೆರಿಲ್ ಟೀ ಚಪ್ಪರದ ಹತ್ತಿರ ಅವಳನ್ನು ಕಂಡಾಗ ಟ್ರೂಡಿಯ ಕೈಯಲ್ಲಿ ನಾಯಿ ಇರಲಿಲ್ಲ.

"ಮಿಂಟಿ ಎಲ್ಲಿ?"

"ಅರ್ನಿ ಅಂಕಲ್ ಹತ್ರ. ಎರಡು ಟೀ ತಗೊಂಡು ಬಾ, ಅಷ್ಟರಲ್ಲಿ ಮುಗ್ಸಿರ್ತೀನಿ ಅಂದ್ರು."

ಅರವತ್ತೇಳು ವರ್ಷದ ಹೆಂಗಸು ಆ ಜನದ ನಡುವೆ ಓಡಿದಳು. ನೂಕಿಸಿಕೊಂಡವರು ಬೈದರೂ ನಿಲ್ಲಲಿಲ್ಲ. ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಹಿಂದೆ ಅರ್ನಿಯ ಗಾಡಿ ನಿಂತಿತ್ತು. ಹಿಂಬದಿಯ ಹಲಗೆಯ ಮೇಲೆ ಮಿಂಟಿ ಕುತ್ತಿಗೆಯವರೆಗೂ ಒಂದು ಕ್ಯಾನ್ವಾಸ್ ಚೀಲದೊಳಗಿದ್ದಳು, ತಲೆ ಮಾತ್ರ ಹೊರಗೆ. ಅರ್ನಿ ಬೇಲಿಯ ತಂತಿ ಕತ್ತರಿಸುವ ಇಕ್ಕಳವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

"ಅರ್ನಿ, ಬಿಡು ಅವಳನ್ನ."

"ಅಯ್ಯೋ, ನೀನ್ಯಾಕೆ ಬಂದೆ ಮಾರಾಯ್ತಿ? ಹೋಗು, ಫಲಕ ಕೊಡೋ ಹೊತ್ತಾಯ್ತು, ಕೂದಲು ಸರಿ ಮಾಡ್ಕೋ ಹೋಗು. ಇದು ನೀನು ನೋಡೋ ಅಂಥದ್ದಲ್ಲ."

"ಕ್ಲೆಮ್ ಹಿಂಗೇ ಮಾಡ್ತಿದ್ನಾ?"

ಅರ್ನಿ ಇಕ್ಕಳ ಕೆಳಗಿಟ್ಟ. ಅವನ ಮುಖದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಭಾವವೇನೂ ಇರಲಿಲ್ಲ, ಶುದ್ಧ ಆಶ್ಚರ್ಯವಿತ್ತು. "ಏನು ಹಂಗಂದ್ರೆ? ನಿಂಗೊತ್ತಿಲ್ವಾ?"

"ನಂಗೆ ಹೇಗೆ ಗೊತ್ತಿರತ್ತೆ?"

"ಸುಮ್ನಿರು ಬೆರಿಲ್. ನಾಟಕ ಆಡಬೇಡ. ಚೀಲ ಹೊಲಿದುಕೊಟ್ಟವಳು ನೀನು."

ಅವಳು ಆಗ ಚೀಲವನ್ನು ನೋಡಿದಳು. ಅಂಚಿನುದ್ದಕ್ಕೂ ಹಸಿರು ದಾರದ ಎರಡು ಸಾಲು ಹೊಲಿಗೆ, ಕುತ್ತಿಗೆಗೆ ಬಿಗಿಯಲು ಲಾಡಿ, ಲಾಡಿಯ ತುದಿ ಬಿಚ್ಚಿಕೊಳ್ಳದ ಹಾಗೆ ಅವಳದೇ ಗಂಟು. ಮದುವೆಯಾದ ಹೊಸತರಲ್ಲಿ, ಹುಳದ ಮಾತ್ರೆ ಕೊಡೋಕೆ ಬೇಕು, ಗಟ್ಟಿಯಾಗಿರ್ಲಿ, ಎಷ್ಟು ಒದ್ದಾಡಿದ್ರೂ ಹರೀಬಾರ್ದು ಎಂದಿದ್ದ ಕ್ಲೆಮ್. ಒಂದು ಸಾಲು ಹೊಲಿಗೆ ಸಾಕಾಗದು ಎಂದು ಎರಡು ಸಾಲು ಹಾಕಿದ್ದು ಅವಳ ಸ್ವಂತ ಬುದ್ಧಿ. ಗಂಡ ಮೆಚ್ಚಿ ಬೆನ್ನು ತಟ್ಟಿದ್ದ. ಐದು ನಾಯಿಗಳೂ ಒದ್ದಾಡಿದ್ದು ಆ ಹೊಲಿಗೆಯೊಳಗೆ. ಒಂದು ನೂಲೂ ಬಿಟ್ಟಿರಲಿಲ್ಲ. ಕ್ಲೆಮ್ ಒಬ್ಬನನ್ನೇ ದ್ವೇಷಿಸಿಕೊಂಡು ಇದ್ದುಬಿಡಬಹುದು ಎಂದು ಮೂರು ದಿನದಿಂದ ಕಟ್ಟಿಕೊಂಡಿದ್ದ ಧೈರ್ಯವೂ ಹೋಯಿತು.

"ಕುರಿ ಮೈ ಉಳೀಬೇಕಲ್ಲ ಮಾರಾಯ್ತಿ," ಅರ್ನಿ ಸಮಾಧಾನದ ದನಿಯಲ್ಲಿ ಹೇಳುತ್ತಲೇ ಇದ್ದ. "ಕಚ್ಚೋ ನಾಯೀನ ಬೇರೆಯವ್ರು ಗುಂಡು ಹೊಡೆದು ಸಾಯಿಸ್ತಾರೆ. ಕ್ಲೆಮ್ ಉಳಿಸ್ಕೊಂಡ. ಅದಕ್ಕಿಂತ ಇದು ವಾಸಿ ಅಲ್ವಾ?"

ಅವಳು ಲಾಡಿಯ ಗಂಟಿಗೆ ಕೈ ಹಾಕಿದಳು. ಅದನ್ನು ಬಿಚ್ಚುವ ಬಗೆ ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಚೀಲ ಸಡಿಲವಾದದ್ದೇ ತಡ, ಹೆದರಿ ಕಂಗಾಲಾಗಿದ್ದ ಮಿಂಟಿ ತಿರುಗಿ ಅವಳ ಮುಂಗೈಯನ್ನೇ ಕಚ್ಚಿ ಹಿಡಿದಳು. ಹಲ್ಲು ಆಳಕ್ಕೆ ಇಳಿಯಿತು. ಬೆರಿಲ್ ಕೈ ಎಳೆದುಕೊಳ್ಳಲಿಲ್ಲ, ಕೂಗಲೂ ಇಲ್ಲ. ನಾಯಿ ತಾನಾಗಿಯೇ ಬಿಟ್ಟು ಕೆಳಗೆ ಹಾರಿ, ಟೀ ಲೋಟ ಹಿಡಿದು ಬರುತ್ತಿದ್ದ ಟ್ರೂಡಿಯ ಕಾಲ ಸಂದಿಗೆ ನುಗ್ಗಿ ನಡುಗುತ್ತ ಕೂತಿತು.

"ನೋಡಿದ್ಯಾ," ಎಂದ ಅರ್ನಿ. "ಅದಕ್ಕೇ ನಾನು ಹೇಳಿದ್ದು."

"ಕಚ್ಲಿ ಬಿಡು," ಎಂದಳು ಬೆರಿಲ್. ಟ್ರೂಡಿಯ ಕಡೆ ತಿರುಗಿ, ಬುಧವಾರ ಹೇಳಲಾಗದೆ ಹೋದದ್ದನ್ನು ಹೇಳಿದಳು. "ಇವ್ನು ಅವಳ ಹಲ್ಲು ಕತ್ತರಿಸೋಕೆ ಹೊರಟಿದ್ದ ಕಣೆ. ಕ್ಲೆಮ್ ಕತ್ತರಿಸ್ತಿದ್ದ. ಮನೆಗೆ ಕರ್ಕೊಂಡು ಹೋಗು."

ಟ್ರೂಡಿಯ ಎರಡೂ ಲೋಟ ನೆಲಕ್ಕೆ ಬಿದ್ದವು. ಅವಳು ಅರ್ನಿಯನ್ನು ನೋಡಿದಳು, ಹಲಗೆಯ ಮೇಲಿದ್ದ ಇಕ್ಕಳವನ್ನು ನೋಡಿದಳು, ನಾಯಿಯನ್ನು ಎತ್ತಿ ಎದೆಗವಚಿಕೊಂಡು ಗಾಡಿಯತ್ತ ಓಡಿದಳು.

ಮಿಂಟಿಯ ಹಲ್ಲು ಉಳಿಯಿತು, ಅಲ್ಲಿಗೇ ಬಿಡಬಹುದಿತ್ತು. ಆದರೆ ಪಾಸ್ಕೋ ಮರಿಗಳು ಸೀಮೆಯ ತುಂಬ ಇದ್ದವು, ಇಕ್ಕಳಗಳೂ ಇದ್ದವು. ಒಂದು ಗಂಟೆಗೆ ಮೈಕಿನಲ್ಲಿ ಅವಳ ಹೆಸರು ಕರೆದಾಗ ಬೆರಿಲ್ ಕೈಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿಕೊಂಡು ವೇದಿಕೆ ಹತ್ತಿದಳು. ಬಟ್ಟೆ ಆಗಲೇ ತೊಯ್ದು ಕೆಂಪಾಗಿತ್ತು. ಮುಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಮೇಜಿನ ಮೇಲೆ ಹೊಳೆಯುವ ಫಲಕ, ಅದರ ಮೇಲೆ ಕ್ಲೆಮ್‌ನ ಹೆಸರು. ಅವಳು ಜೇಬಿನಿಂದ ಸೀಸೆ ತೆಗೆದು ಅದರ ಪಕ್ಕಕ್ಕೆ ಇಟ್ಟಳು.

"ಇದನ್ನ ನಾನು ಕೊಡಲ್ಲ," ಎಂದಳು. "ಈ ಸೀಸೇಲಿರೋದು ಟಿಗ್‌ನ ಹಲ್ಲು. ಕ್ಲೆಮ್ ಇಕ್ಕಳದಲ್ಲಿ ಕತ್ತರಿಸಿದ್ದು. ಅವನೊಬ್ಬಂದೇ ಅಲ್ಲ, ಐದು ನಾಯೀದೂ. ಪಾಸ್ಕೋ ನಾಯಿ ಬಾಯಿ ಮೆತ್ತಗಿಲ್ಲ, ಯಾವತ್ತೂ ಇರ್ಲಿಲ್ಲ. ಚೀಲ ಹೊಲಿದೋಳು ನಾನು." ಅಲ್ಲಿಗೆ ನಿಲ್ಲಿಸಿ, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎತ್ತಿ ಹಿಡಿದಳು. "ಪಾಸ್ಕೋ ನಾಯಿ ಕಚ್ಚಿದ್ರೆ ಹಿಂಗಾಗತ್ತೆ. ಮೇಲೆರಡು, ಕೆಳಗೆರಡು. ನಾಲ್ಕೂ ಇದೆ ಎಣಿಸ್ಕೊಳ್ಳಿ."

ಈಗ ಗಲಾಟೆಯಾಗುತ್ತದೆ ಎಂದುಕೊಂಡಿದ್ದಳು. ಯಾರಾದರೂ ಎದ್ದು, ಸುಳ್ಳು ಹೇಳ್ತೀಯಾ ಮುದುಕಿ, ಸತ್ತ ಗಂಡನ ಮೇಲೆ ಗೂಬೆ ಕೂರಿಸ್ತೀಯಾ ಎಂದು ಕೇಳಬೇಕಿತ್ತು. ಅವಳಿಗೆ ಅದೇ ಬೇಕಿತ್ತು. ಯಾರೂ ಏಳಲಿಲ್ಲ. ಸಾಲು ಸಾಲು ಹ್ಯಾಟುಗಳು ತಗ್ಗಿದವು. ಮೂವತ್ತು ವರ್ಷ ಅವಳ ಅಡಿಗೆಮನೆಯಲ್ಲಿ ಟೀ ಕುಡಿದು, ಗೋಡೆಯ ಪಟಗಳನ್ನು ಹೊಗಳಿ ಹೋದ ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ನೋಡುತ್ತಿದ್ದರು. ಬಾಯಿ ಮೆತ್ತಗೆ, ಬಾಯಿ ಮೆತ್ತಗೆ ಎಂದು ಅವರು ಹೊಗಳಿದ್ದೆಲ್ಲ ಏನನ್ನು ಎಂಬುದು ಬೆರಿಲ್‌ಗೆ ಆಗ ತಿಳಿಯಿತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಪಟದ ಧೂಳು ಒರೆಸುವವಳಿಗೆ ಮಾತ್ರ. ಫಲಕ ಮೇಜಿನ ಮೇಲೆಯೇ ಉಳಿಯಿತು. ಅವಳು ಒಬ್ಬಳೇ ಮೆಟ್ಟಿಲಿಳಿದು ಗಾಡಿಯವರೆಗೆ ನಡೆದಳು, ಯಾರೂ ತಡೆಯಲಿಲ್ಲ.

ಮನೆಗೆ ಬಂದಾಗ ಬಿಸಿಲು ಇನ್ನೂ ಜಗಲಿಯ ಮೇಲಿತ್ತು. ಟಿಗ್ ಎದ್ದು ಬಂದು ಅವಳ ಮುಂಗೈಯನ್ನು ಮೂಸಿದ, ಮೆಲ್ಲಗೆ ನೆಕ್ಕಿದ. ಬಾಯಿಂದ ಬರುತ್ತಿದ್ದ ಕೊಳೆತ ವಾಸನೆ ಹೋಗಿತ್ತು. ಆ ವಾಸನೆಯನ್ನು ಅವಳು ಇಷ್ಟು ವರ್ಷ ನಾಯಿಯ ವಾಸನೆ ಎಂದೇ ತಿಳಿದಿದ್ದಳು. ಹೊಟ್ಟೆ ಹಸಿದು ಅವನು ತಟ್ಟೆಯನ್ನು ಮೂತಿಯಿಂದ ನೂಕುತ್ತಿದ್ದ. ಬೆರಿಲ್ ಒಳಗೆ ಹೋಗಿ ಕುರಿಮಾಂಸ ತಂದು, ಮೆಟ್ಟಿಲ ಮೇಲೆ ಕೂತು, ಕ್ಲೆಮ್‌ನ ಚಾಕು ಬಿಚ್ಚಿ ಹೆಚ್ಚತೊಡಗಿದಳು. ಪ್ರತಿ ಸಲ ಚಾಕು ಒತ್ತಿದಾಗಲೂ ಮುಂಗೈಯ ಗಾಯ ಚುರುಗುಟ್ಟುತ್ತಿತ್ತು. ತಟ್ಟೆ ತುಂಬಿದ ಮೇಲೆ ನೋಡಿದರೆ ಒಂದೊಂದು ತುಂಡೂ ಬೆರಳ ತುದಿಯಷ್ಟೇ ಇತ್ತು, ಕ್ಲೆಮ್ ಹೆಚ್ಚುತ್ತಿದ್ದಷ್ಟೇ. ಅವಳು ಚಾಕುವನ್ನು ಕೆಳಗಿಟ್ಟು ಅಳತೊಡಗಿದಳು. ಟಿಗ್ ತಲೆ ಎತ್ತದೆ ತಿನ್ನುತ್ತಿದ್ದ.